ಬಾಲೂ ತಮ್ಮನ ಒತ್ತಕ್ಷರ

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಒಂದು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿದ್ದರು. ಹಿರಿಯರೊಬ್ಬರ ಫೋಟೋ, ಅದಕ್ಕೊಂದು ಕಂಪ್ಯೂಟರ್ ಹಾರ, ಎರಡೂ ಕಡೆ ದೀಪ, ಕೆಳಗೆ ದುಃಖತಪ್ತರ ಸಾಲು ಸಾಲು ಹೆಸರು. ಎಲ್ಲ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇತ್ತು. ಮೇಲಿನ ‘ಭಾವಪೂರ್ಣ ಶ್ರದ್ಧಾಂಜಲಿ’ ಮಾತ್ರ ಜಾತ್ರೆಯಲ್ಲಿ ಬೆಂಡು ಬತ್ತಾಸು ಬಾಯಿತುಂಬ ತುಂಬಿಕೊಂಡ ಹುಡುಗರ ಹಾಗೆ ಕೆನ್ನೆ ಉಬ್ಬಿಸಿಕೊಂಡು ನಿಂತಿತ್ತು. ಸಾವಿನ ಮನೆಗೆ ಬಂದವನೊಬ್ಬ ಬಾಗಿಲಲ್ಲೇ ‘ಹೆಂಗಿದೀರಪ್ಪಾ ಎಲ್ಲಾ’ ಎಂದು ಜೋರಾಗಿ ಕೂಗಿದ ಹಾಗೆ. ಜನ ನೋಡುತ್ತಿದ್ದರು, ಒಬ್ಬಿಬ್ಬರು ಕೈ ಮುಗಿಯುತ್ತಿದ್ದರು, ಬಸ್ ಹತ್ತುತ್ತಿದ್ದರು. ಯಾರಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಪುಟ ಕಟ್ಟುವ ಕೆಲಸದಲ್ಲೇ ತಲೆ ಬೆಳ್ಳಗಾದ ನನಗೆ ಮಾತ್ರ ಅಕ್ಷರದ ಗುರುತು ಹತ್ತಿತು. ಬಾಲೂ ತಮ್ಮ.

ಆ ಮೇಲೆ ಅವನು ಹೋದಲ್ಲೆಲ್ಲ ಸಿಗತೊಡಗಿದ. ಚನ್ನಗಿರಿಯಲ್ಲಿ ಮಕ್ಕಳ ಬಟ್ಟೆ ಅಂಗಡಿ ಮೇಲೆ, ನ್ಯಾಮತಿಯಲ್ಲಿ ಕೋಳಿ ಅಂಗಡಿಯ ರೇಟ್ ಬೋರ್ಡಿನಲ್ಲಿ, ಜಗಳೂರಿನಲ್ಲಿ ಬೋರ್‌ವೆಲ್ ಕೊರೆಯುವವರ ಜೀಪಿನ ಹಿಂಬದಿಯಲ್ಲಿ. ಹುಟ್ಟುಹಬ್ಬಕ್ಕೂ ಅವನೇ, ತಿಥಿಗೂ ಅವನೇ. ಒಂದು ಫಾಂಟ್ ಒಂದು ಸೀಮೆಯ ಗೋಡೆಗಳನ್ನು ಇಷ್ಟು ಸಲೀಸಾಗಿ ಹತ್ತಿ ಕೂತಿದೆ ಎಂದಮೇಲೆ ಅದನ್ನು ಕೂತು ನೋಡಬೇಕಲ್ಲ? ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕಿದೆ, ಹೋಟೆಲಿನ ದೋಸೆಗೂ ಇದೆ. ನಾವು ದಿನಾ ಓದುವ ಅಕ್ಷರದ ಮೈಕಟ್ಟಿನ ಬಗ್ಗೆ ಬರೆದವರು ಮಾತ್ರ ಕಡಿಮೆ.

ಮೊದಲು ಜಾತಕ. ಬಾಲೂ ಎಂಬುದು ಮುಂಬಯಿಯ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡ ಮಾಡಿದ ಫಾಂಟ್ ಕುಟುಂಬ. 2016ರಲ್ಲಿ ಗೂಗಲ್ ಫಾಂಟ್ಸ್ ಮೂಲಕ ಹೊರಬಂತು. ದುಡ್ಡಿಲ್ಲ, ಪರವಾನಗಿಯ ರಗಳೆಯಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬೇಕಾದರೆ ತಿದ್ದಲೂಬಹುದು. ಕನ್ನಡದ ಅಕ್ಷರಗಳನ್ನು ಬರೆದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಹೆಸರು ಕಿಪ್ಲಿಂಗನ ಜಂಗಲ್ ಬುಕ್ಕಿನ ಕರಡಿಯದು. ಕರಡಿಯ ಹಾಗೆ ದಪ್ಪ, ಮೆತ್ತಗೆ, ನೋಡಿದರೆ ಅಪ್ಪಿಕೊಳ್ಳಬೇಕು ಅನ್ನಿಸುವಂಥದ್ದು ಎಂದು ಅವರ ಲೆಕ್ಕ. (ಜಗಳೂರಿನ ಕಡೆ ಗುಡ್ಡದಂಚಿನ ಹೊಲದವರನ್ನು ಕೇಳಿ ನೋಡಿ, ಕರಡಿ ಅಂದರೆ ಅಪ್ಪಿಕೊಳ್ಳುವ ಯೋಚನೆ ಅವರಿಗೆ ಬರುವುದಿಲ್ಲ.) ಒಂದೊಂದು ಭಾಷೆಯಲ್ಲಿ ಬಾಲೂವಿಗೆ ಒಂದೊಂದು ನೆಂಟಸ್ತಿಕೆ: ಗುಜರಾತಿಯಲ್ಲಿ ಭಾಯ್, ಬಂಗಾಳಿಯಲ್ಲಿ ದಾ, ಗುರುಮುಖಿಯಲ್ಲಿ ಪಾಜಿ, ಮಲಯಾಳಂನಲ್ಲಿ ಚೇಟ್ಟನ್, ತಮಿಳಿನಲ್ಲಿ ತಂಬಿ, ತೆಲುಗಿನಲ್ಲಿ ತಮ್ಮುಡು, ಉರ್ದುವಿನಲ್ಲಿ ಭಾಯಿಜಾನ್. ಕನ್ನಡದಲ್ಲಿ ತಮ್ಮ. ಮಲಯಾಳಿಗಳಿಗೆ ಅಣ್ಣ ಸಿಕ್ಕ, ನಮಗೆ ತಮ್ಮ ಸಿಕ್ಕ. ತಕರಾರೇನಿಲ್ಲ. ನಮ್ಮ ಸೀಮೆಯಲ್ಲಿ ಗುರುತಿಲ್ಲದ ಹುಡುಗನನ್ನು ಕರೆಯುವುದೇ ‘ಏ ತಮ್ಮಾ, ಇಲ್ ಬಾರೋ’ ಎಂದು. ಹೆಸರಿಟ್ಟವರಿಗೆ ಗೊತ್ತಿತ್ತೋ ಇಲ್ಲವೋ, ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆಯುವ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿರಲಿಲ್ಲ.

ಆ ಹೆಸರಲ್ಲೇ ಇನ್ನೊಂದು ಸಂಗತಿ ಅಡಗಿದೆ. ‘ತಮ್ಮ’ ಎಂದು ಬರೆದು ನೋಡಿ. ಮ ಕೆಳಗೆ ಒಂದು ಮ ಒತ್ತು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ: ಕನ್ನಡದ ಒಂದಿಡೀ ಮನೆಯೇ ಒತ್ತಕ್ಷರದ ಮೇಲೆ ನಿಂತಿದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಗೆರೆ ಸಾಕು, ಅದರ ಮೇಲೆ ಸಾಲಾಗಿ ಕೂರುತ್ತವೆ. ಕನ್ನಡಕ್ಕೆ ಮೂರು ಅಂತಸ್ತು ಬೇಕು. ಮೇಲೆ ತಲೆಕಟ್ಟು, ಗುಡಿಸು, ಎತ್ವ, ನಡುವೆ ಅಕ್ಷರದ ಹೊಟ್ಟೆ, ಕೆಳಗೆ ಒತ್ತು. ಕನ್ನಡದ ಫಾಂಟ್ ಒಂದು ಹೇಗಿದೆ ಎಂದು ತಿಳಿಯಬೇಕಾದರೆ ಅದರ ಅ ಆ ಇ ಈ ನೋಡಿ ಪ್ರಯೋಜನವಿಲ್ಲ ಎಂಬುದು ನನ್ನ ಬಹಳ ದಿನದ ಅಭಿಪ್ರಾಯ. ಅವು ಎಲ್ಲ ಫಾಂಟಿನಲ್ಲೂ ಚೆನ್ನಾಗಿಯೇ ಇರುತ್ತವೆ, ಮದುವೆ ಗಂಡಿನ ಫೋಟೋ ಹಾಗೆ. ಕೆಳಗಿನ ಅಂತಸ್ತಿಗೆ ಇಳಿದು ಒತ್ತು ನೋಡಬೇಕು. ದಪ್ಪ ಅಕ್ಷರಕ್ಕಂತೂ ಅದೇ ಪರೀಕ್ಷೆ.

ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕಿನ ಹೆಸರೇ ಸಾಕು. ಒಂದು ಸಂಜೆ ನಾಲ್ಕನ್ನೂ ಬಾಲೂ ತಮ್ಮದಲ್ಲಿ ಹೊಡೆದು, ಅಕ್ಷರ ಅಂಗೈ ಅಗಲ ಬರುವ ಹಾಗೆ ಮುದ್ರಿಸಿ, ಗೋಡೆಗೆ ಅಂಟಿಸಿ, ದೂರ ನಿಂತು ನೋಡಿದೆ.

ಜಗಳೂರು ಮೊದಲ ನೋಟಕ್ಕೇ ಗೆದ್ದಿತು. ಅದರಲ್ಲಿ ಒಂದೇ ಒಂದು ಒತ್ತಿಲ್ಲ. ‘ಜ’ಗೆ ತಲೆಕಟ್ಟೂ ಇಲ್ಲ, ಗುಂಡಗೆ ಕೂತುಬಿಡುತ್ತದೆ. ‘ಳೂ’ವಿನ ಕೊಂಬಿನಿಳಿ, ‘ರು’ವಿನ ಕೊಂಬು ಎರಡೂ ಬಲಗಡೆಗೆ ಚಾಚಿಕೊಂಡು ಸಾಲಿಗೆ ಒಂದು ಓಟ ಕೊಡುತ್ತವೆ. ಬಾಲೂ ತಮ್ಮದ ಗುಣವೆಲ್ಲ ಇಲ್ಲಿ ಮೈದುಂಬಿ ಬಂದಿದೆ. ಗೀಟಿನ ತುದಿಗಳಿಗೆ ಮುಳ್ಳಿಲ್ಲ, ಗೀಟು ಗೀಟಿಗೆ ಸೇರುವ ಕಡೆ ಕೊಂಚ ಸಣ್ಣಗಾಗಿ ಮತ್ತೆ ಉಬ್ಬುತ್ತದೆ, ಹಾಗಾಗಿ ಎಷ್ಟೇ ದಪ್ಪವಿದ್ದರೂ ಮುದ್ದೆ ಅನ್ನಿಸುವುದಿಲ್ಲ. ಹೆಸರಲ್ಲಿ ಜಗಳ ಇದ್ದರೂ ನೋಟದಲ್ಲಿ ಇಲ್ಲ.

ಚನ್ನಗಿರಿಗೆ ಬಂದಾಗ ತೂಕ ಸ್ವಲ್ಪ ವಾಲಿತು. ‘ನ್ನ’ದ ಒತ್ತು ಎಡಗಡೆ ಕೆಳಗೆ ತೂಗುತ್ತದೆ. ‘ಗಿ’, ‘ರಿ’ ಎರಡರ ಗುಡಿಸು ಬಲಗಡೆ ಮೇಲೆ ಕೂತಿದೆ. ಪದ ಒಂದು ತಕ್ಕಡಿಯ ಹಾಗೆ. ಅಡಿಕೆ ಮಂಡಿಯ ಊರು, ತುಮ್‌ಕೋಸ್ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಘದ ಊರು, ತಕ್ಕಡಿ ಒಪ್ಪುತ್ತದೆ ಎಂದುಕೊಂಡರೂ, ಒತ್ತಿನ ಸುರುಳಿಯ ಒಳಗಿನ ಬಿಳಿ ಜಾಗ ಕಣ್ಣಿಗೆ ಕಿರಿಕಿರಿ ಮಾಡಿತು. ಹತ್ತಿರದಿಂದ ಅದು ಎಳ್ಳುಕಾಳಿನಷ್ಟು ಕಾಣುತ್ತದೆ, ಹತ್ತು ಹೆಜ್ಜೆ ಹಿಂದೆ ಸರಿದರೆ ಕಾಣುವುದೇ ಇಲ್ಲ. ಹೊನ್ನಾಳಿಯಲ್ಲೂ ಅದೇ ‘ನ್ನ’, ಆದರೆ ಅಲ್ಲಿ ಮುಂದೆ ‘ಹೊ’ ಇದೆ. ಮೇಲೊಂದು ಎತ್ವ, ಬಲಕ್ಕೊಂದು ಬಾಲ. ‘ಹೊ’ ಎಷ್ಟು ಅಗಲ ಮೈ ಚೆಲ್ಲಿ ಕೂರುತ್ತದೆಂದರೆ, ಹಿಂದಿನ ಒತ್ತು ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತವನಂತೆ ಕಾಣುತ್ತದೆ.

ನ್ಯಾಮತಿ ನಾಲ್ಕರಲ್ಲಿ ಕಷ್ಟದ್ದು. ಪದ ಶುರುವಾಗುವುದೇ ಒತ್ತಿನಿಂದ. ಯ-ಒತ್ತು ಬೇರೆ ಒತ್ತುಗಳ ಹಾಗೆ ನೇರ ಕೆಳಗೆ ಕೂರುವುದಿಲ್ಲ, ಬಲಕ್ಕೆ ಸರಿದು, ಬಾಗಿ, ಬಾಲ ಎತ್ತುತ್ತದೆ. ಅದರ ಪಕ್ಕದಲ್ಲೇ ‘ಮ’, ಕನ್ನಡದ ಅಗಲವಾದ ಅಕ್ಷರಗಳಲ್ಲಿ ಒಂದು. ದಪ್ಪ ಫಾಂಟಿನಲ್ಲಿ ಇವೆರಡರ ನಡುವಿನ ಸಂದು ಎಷ್ಟಿರಬೇಕು? ಬಿಟ್ಟರೆ ಪದ ಹರಿದ ಹಾಗೆ, ಬಿಡದಿದ್ದರೆ ಕಾಲು ಕಾಲು ಸಿಕ್ಕಿಕೊಂಡ ಹಾಗೆ. ಬಾಲೂ ತಮ್ಮ ಬಿಡುವ ಕಡೆಗೇ ವಾಲಿದೆ, ಅದು ಸರಿಯಾದ ತೀರ್ಮಾನ. ಆದರೆ ಬೋರ್ಡು ಮಾಡುವವರು ಅಕ್ಷರಗಳನ್ನು ಒತ್ತೊತ್ತಾಗಿ ಎಳೆದು ಜಾಗ ಉಳಿಸುತ್ತಾರೆ. 2018ರಲ್ಲಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕು ಆದಾಗಿನಿಂದ ಊರಲ್ಲಿ ಹೊಸ ಬೋರ್ಡುಗಳ ಸುಗ್ಗಿ. ಅವುಗಳಲ್ಲಿ ಯ-ಒತ್ತಿನ ಬಾಲ ‘ಮ’ದ ಹೊಟ್ಟೆಗೆ ತಿವಿದುಕೊಂಡು ನಿಂತದ್ದನ್ನು ನಾನೇ ಹಲವು ಕಡೆ ಕಂಡಿದ್ದೇನೆ.

ಅಂದರೆ ಬಾಲೂ ತಮ್ಮ ಮೇಲಿನ ಅಂತಸ್ತಿನಲ್ಲಿ ನಗುತ್ತಾನೆ, ನಡುವೆ ಆರಾಮಾಗಿ ಕೂರುತ್ತಾನೆ, ಕೆಳಗಿನ ಅಂತಸ್ತಿನಲ್ಲಿ ಅವನ ಉಸಿರು ಬಿಗಿಯುತ್ತದೆ. ಇದಕ್ಕೆ ವಿನ್ಯಾಸಕರನ್ನು ಬೈಯುವ ಮುನ್ನ ಅವರ ಕಷ್ಟವನ್ನೂ ನೋಡಬೇಕು. 2016ರ ಬಾಲೂವಿಗೆ ಇದ್ದದ್ದು ಒಂದೇ ದಪ್ಪ, ಅದೂ ಭಾರಿ ದಪ್ಪ. ಮುಖ್ಯ ಅಕ್ಷರದ ಗೀಟು ಎಷ್ಟು ದಪ್ಪವೋ ಒತ್ತಿನ ಗೀಟೂ ಅಷ್ಟೇ ದಪ್ಪ ಇರಬೇಕು, ಇಲ್ಲದಿದ್ದರೆ ಒತ್ತು ಬೇರೆ ಮನೆಯಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಆದರೆ ಒತ್ತು ಗಾತ್ರದಲ್ಲಿ ಅರ್ಧ. ಅರ್ಧ ಗಾತ್ರದ ಸುರುಳಿಯಲ್ಲಿ ಪೂರಾ ದಪ್ಪದ ಗೀಟು ತಿರುಗಿಸಿದರೆ ಒಳಗೆ ಬಿಳಿ ಎಲ್ಲಿ ಉಳಿಯುತ್ತದೆ? ಮಹಾಪ್ರಾಣಗಳದ್ದೂ ಇದೇ ಪಾಡು. ದ-ಧ, ಪ-ಫ, ಡ-ಢ ಇವುಗಳ ವ್ಯತ್ಯಾಸವಿರುವುದು ಕೆಳಗಿನ ಒಂದು ಸಣ್ಣ ಗೀಟಿನಲ್ಲಿ. ಮೈ ದಪ್ಪವಾದಷ್ಟೂ ಆ ಗೀಟು ಹೊಟ್ಟೆಯೊಳಗೆ ಮುಚ್ಚಿಹೋಗುತ್ತದೆ, ‘ಧಾನ್ಯ’ ದೂರದಿಂದ ‘ದಾನ್ಯ’ ಆಗುತ್ತದೆ.

2019ರಲ್ಲಿ ಬಾಲೂ 2 ಬಂದಾಗ ತಂಡವೇ ಇದಕ್ಕೊಂದು ದಾರಿ ಮಾಡಿತು. ಒಂದರ ಬದಲು ಐದು ದಪ್ಪ, ಸಾಧಾರಣದಿಂದ ಭಾರಿವರೆಗೆ. ನನ್ನ ಪ್ರಕಾರ ಕನ್ನಡಕ್ಕೆ ಬಾಲೂ ತಮ್ಮದ ನಿಜವಾದ ರೂಪ ಸಿಕ್ಕಿದ್ದು ಆಗಲೇ. ಐದರಲ್ಲಿ ನಡುವಿನ ಸೆಮಿಬೋಲ್ಡ್ ತೆಗೆದುಕೊಂಡು ‘ಹೊನ್ನಾಳಿ’ ಹೊಡೆದು ನೋಡಿ. ಕೆನ್ನೆಯ ಉಬ್ಬು ಹಾಗೇ ಇರುತ್ತದೆ, ಒತ್ತಿನ ಸುರುಳಿಯಲ್ಲಿ ಗಾಳಿ ಆಡುತ್ತದೆ. ಆದರೆ ನಮ್ಮ ಫ್ಲೆಕ್ಸ್ ಅಂಗಡಿಗಳಲ್ಲಿ ಯಾರೂ ನಡುವಿನದ್ದನ್ನು ಆರಿಸುವುದಿಲ್ಲ. ‘ಬೋಲ್ಡ್ ಇರ್ಲಿ ಅಣ್ಣಾ, ಎದ್ದು ಕಾಣ್ಬೇಕು’ ಅನ್ನುವುದು ಗಿರಾಕಿಯ ಖಾಯಂ ಮಾತು. ಎಲ್ಲರೂ ಎದ್ದು ನಿಂತ ಸಭೆಯಲ್ಲಿ ಯಾರು ಎದ್ದು ಕಾಣುತ್ತಾರೆ ಎಂದು ಕೇಳಿದರೆ ಅವನು ಬೇರೆ ಅಂಗಡಿಗೆ ಹೋಗುತ್ತಾನೆ.

ಬಾಲೂ ತಮ್ಮ ನಮ್ಮ ಊರುಗಳಿಗೆ ಬಂದ ದಾರಿಯೂ ಸ್ವಾರಸ್ಯವಾದದ್ದು. ಪ್ರೆಸ್ಸುಗಳ ಕಂಪ್ಯೂಟರ್ ಮೂಲಕ ಬರಲಿಲ್ಲ, ಮೊಬೈಲಿನಿಂದ ಬಂದ. ಪ್ರೆಸ್ಸಿನವರು ಬಹಳ ಕಾಲ ನುಡಿ, ಶ್ರೀಲಿಪಿ, ಆಕೃತಿ ಎಂಬ ಹಳೆಯ ತಂತ್ರಾಂಶಗಳಲ್ಲೇ ಇದ್ದರು, ಈಗಲೂ ಇದ್ದಾರೆ. ಅವುಗಳಲ್ಲಿ ಅಕ್ಷರ ಎಂದರೆ ಬಿಡಿ ಬಿಡಿ ತುಂಡು. ಒತ್ತು ಬೇರೆ ತುಂಡು, ತಲೆಕಟ್ಟು ಬೇರೆ ತುಂಡು, ಕೀಲಿ ಒತ್ತಿ ಜೋಡಿಸಬೇಕು. ಯುನಿಕೋಡ್ ಫಾಂಟ್ ಹಾಕಿದರೆ ಹಳೆಯ ಕೋರಲ್‌ಡ್ರಾದಲ್ಲಿ ‘ನ್ಯಾಮತಿ’ ಒಡೆದು ‘ನ’ಕ್ಕೊಂದು ಅರ್ಧ ಚಂದ್ರ, ಪಕ್ಕದಲ್ಲಿ ಅನಾಥ ‘ಯಾ’ ಆಗಿ ಬೀಳುತ್ತಿತ್ತು. ಒಮ್ಮೆ ನಾನೇ ಅವಸರದಲ್ಲಿ ನೋಡದೆ ಬಿಟ್ಟು, ಇನ್ನೂರು ಲಗ್ನಪತ್ರಿಕೆ ಒಡಕು ಒತ್ತಿನಲ್ಲೇ ಅಚ್ಚಾಗಿ, ವಾರವಿಡೀ ಹೆಣ್ಣಿನ ತಂದೆಯ ಕಣ್ಣು ತಪ್ಪಿಸಿಕೊಂಡು ಓಡಾಡಿದ್ದುಂಟು. ಮೊಬೈಲಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಯುನಿಕೋಡೇ ದೇವರು, ಬಾಲೂವಿನಂಥ ಬಿಟ್ಟಿ ಫಾಂಟುಗಳೇ ಪ್ರಸಾದ. ಹುಡುಗರು ಮೊಬೈಲಿನಲ್ಲೇ ಪೋಸ್ಟರ್ ಮಾಡಿ, ಚಿತ್ರವನ್ನೇ ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್ ಮಾಡುತ್ತಾರೆ. ಅಂಗಡಿಯವನು ಅದನ್ನು ಆರಡಿ ಹತ್ತಡಿಗೆ ಹಿಗ್ಗಿಸಿ ಹೊಡೆಯುತ್ತಾನೆ. ರಾಜ್ಯದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧವಾಗಿದೆ ಎಂಬುದು ಬೇರೆ ಮಾತು. ನಿಷೇಧವೂ ಬಾಲೂವೂ ಒಂದೇ ವರ್ಷದ ಕೂಸುಗಳು, ಬೆಳೆದದ್ದು ಮಾತ್ರ ಒಂದೇ.

ಆ ಬಿಡಿ ತುಂಡಿನ ಕಾಲಕ್ಕೆ ಒಂದು ಲಾಭವಿತ್ತು, ಅದನ್ನು ಹೇಳದಿದ್ದರೆ ಅನ್ಯಾಯ. ಒತ್ತು ಪ್ರತ್ಯೇಕ ತುಂಡಾಗಿದ್ದರಿಂದ ಡಿಟಿಪಿಯವನು ಅದನ್ನು ಹಿಡಿದು ಕೂದಲೆಳೆಯಷ್ಟು ಕೆಳಗೆ, ಒಂದಿಷ್ಟು ಎಡಕ್ಕೆ ಸರಿಸಬಹುದಿತ್ತು. ಕೈಚಳಕವಿದ್ದವನ ಹೆಡ್ಡಿಂಗು ನೋಡಿದರೆ ಗೊತ್ತಾಗುತ್ತಿತ್ತು. ಯುನಿಕೋಡಿನಲ್ಲಿ ಒತ್ತು ಎಲ್ಲಿ ಕೂರಬೇಕೆಂದು ಫಾಂಟೇ ನಿರ್ಧರಿಸುತ್ತದೆ. ಹೀಗಾಗಿ ಇವತ್ತಿನ ವಿನ್ಯಾಸಕರ ಹೊಣೆ ದೊಡ್ಡದು. ಅವರು ಮುಂಬಯಿಯಲ್ಲಿ ಕೂತು ತೀರ್ಮಾನಿಸಿದ ಒಂದು ಸಂದು ಸುರಹೊನ್ನೆಯ ಗೂಡಂಗಡಿಯ ಮೇಲೂ ಅಷ್ಟೇ ಇರುತ್ತದೆ.

ಅದಕ್ಕೂ ಹಿಂದೆ ಪೇಂಟರುಗಳ ಕಾಲ. ದಾವಣಗೆರೆ ಎಂದರೆ ನಾಟಕ ಕಂಪನಿಗಳ ಊರು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಕಂಪನಿಯ ಊರು. ಜಾತ್ರೆಗೆ ಕಂಪನಿ ಬಂತೆಂದರೆ ನಾಟಕದ ಹೆಸರು ಹೊತ್ತ ಆಳೆತ್ತರದ ಬೋರ್ಡು ಏಳುತ್ತಿತ್ತು. ಅಂಥ ಬೋರ್ಡು ಬರೆಯುವುದನ್ನು ಚಿಕ್ಕವನಿದ್ದಾಗ ಕೂತು ನೋಡಿದ್ದೇನೆ. ಮೊದಲು ಸುಣ್ಣ ಸವರಿದ ದಾರ ಹಿಡಿದು ಚಟ್ ಎಂದು ಹೊಡೆದು ಗೆರೆ. ಒಂದಲ್ಲ, ಎರಡಲ್ಲ, ಮೂರು ಗೆರೆ: ಕೆಳಗಿನದು ಒತ್ತಿಗೆ. ಪೇಂಟರು ಪದವನ್ನು ಸೀಮೆಸುಣ್ಣದಲ್ಲಿ ಸಣ್ಣಗೆ ಬರೆದುಕೊಳ್ಳುವಾಗ ಮೊದಲು ಒತ್ತುಗಳನ್ನೇ ಗುರುತು ಮಾಡುತ್ತಿದ್ದ. ಯಾಕೆಂದು ಕೇಳಿದರೆ, ‘ಮನೆ ಕಟ್ಟೋವಾಗ ಕಕ್ಕಸ್ ಗುಂಡಿ ಎಲ್ಲಿ ಅಂತ ಮೊದ್ಲು ನೋಡ್ಬೇಕು ತಮ್ಮಾ, ಆಮೇಲೆ ಪಡಸಾಲಿ’ ಅಂದಿದ್ದ. ಅವನ ಅಕ್ಷರವೂ ದಪ್ಪವೇ, ಕೆಂಪು ಬಣ್ಣ, ಹಳದಿ ಔಟ್‌ಲೈನು, ಹಿಂದೆ ನೀಲಿ ಶೇಡು. ಆದರೆ ಒತ್ತಿಗೆ ಬಂದಾಗ ಬ್ರಷ್ಷು ಬದಲಾಯಿಸುತ್ತಿದ್ದ. ಒಂದು ನಂಬರ್ ಸಣ್ಣದು. ಅಕ್ಷರದ ಗೀಟು, ಒತ್ತಿನ ಗೀಟು ಒಂದೇ ದಪ್ಪ ಇರಲಿಲ್ಲ, ಆದರೆ ಕಣ್ಣಿಗೆ ಒಂದೇ ಎನ್ನಿಸುತ್ತಿತ್ತು.

ಇನ್ನೂ ಹಿಂದೆ ಹೋದರೆ ಕಲ್ಲು. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಆಗ ಅವು ಶಿವಮೊಗ್ಗಕ್ಕೆ ಸೇರಿದ್ದವು. ಜಗಳೂರಿನವು ಚಿತ್ರದುರ್ಗದ 11ನೇ ಸಂಪುಟದಲ್ಲಿವೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ, ಕಲ್ಲುಗಳಿಗೆ ಅದರ ಸುದ್ದಿ ಮುಟ್ಟಿಲ್ಲ. ಬೆಳಗುತ್ತಿಯಂಥ ಕಡೆ ನಿಂತ ಶಾಸನದ ಮುಂದೆ ಕೂತು ಓದಲು ಬಾರದಿದ್ದರೂ ನೋಡಿ. ಒತ್ತು ಅಲ್ಲಿ ಅಕ್ಷರದ ಬಾಲವಲ್ಲ, ಇನ್ನೊಂದು ಅಕ್ಷರವೇ. ಹೆಚ್ಚುಕಡಿಮೆ ಮೇಲಿನವನಷ್ಟೇ ದೊಡ್ಡದಾಗಿ ಕೆಳಗೆ ಕೂತಿರುತ್ತದೆ, ಸಾಲಿನ ನಡುವಿನ ಜಾಗವನ್ನು ಹಕ್ಕಿನಿಂದ ಪಡೆದುಕೊಂಡಿರುತ್ತದೆ. ಒತ್ತನ್ನು ಅರ್ಧಕ್ಕಿಳಿಸಿ ಅಕ್ಷರದ ಕಾಲಬುಡದಲ್ಲಿ ಕೂರಿಸಿದ್ದು ಅಚ್ಚಿನ ಮೊಳೆಯ ಕಾಲದ ಉಳಿತಾಯ ಎಂದು ನನ್ನ ಗುಮಾನಿ. ಸೀಸದ ಮೊಳೆಗೆ ಎತ್ತರ ಗೊತ್ತುಮಾಡಿರುತ್ತದೆ, ಅದರೊಳಗೇ ಮೂರೂ ಅಂತಸ್ತು ಹಿಡಿಸಬೇಕು. ಈಗ ಸೀಸ ಹೋಗಿದೆ, ಉಳಿತಾಯ ಉಳಿದಿದೆ. ದಪ್ಪ ಫಾಂಟ್ ಮಾಡುವವರು ಒಮ್ಮೆಯಾದರೂ ಕಲ್ಲಿನ ಕಡೆಗೆ ತಿರುಗಿ ನೋಡಬಹುದಿತ್ತು ಅನ್ನಿಸುತ್ತದೆ. ಒತ್ತನ್ನು ಇನ್ನೊಂದಿಷ್ಟು ದೊಡ್ಡದು ಮಾಡಿದ್ದರೆ ಬಾಲೂ ತಮ್ಮದ ತಮಾಷೆ ಇಮ್ಮಡಿಯಾಗುತ್ತಿತ್ತು. ಕರಡಿಗೆ ಪಾದ ದೊಡ್ಡದಿದ್ದರೇ ಚೆಂದ.

ಈ ತಕರಾರೆಲ್ಲ ಹೇಳಿದಮೇಲೂ, ಬಾಲೂ ತಮ್ಮ ನನಗೆ ಇಷ್ಟ. ಅವನು ಬರುವ ಮೊದಲು ಕನ್ನಡದಲ್ಲಿ ಬಿಟ್ಟಿ ಸಿಗುವ ಯುನಿಕೋಡ್ ಅಕ್ಷರಗಳು ಬಹುಪಾಲು ಕಚೇರಿ ಮುಖದವು. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ, ಹೊನ್ನಾಳಿಯವರಾದ ನಮಗೆ ಹೊಳೆಯ ಹೆಸರು ಕೇಳಿ ಖುಷಿಯಾದರೂ ಅಕ್ಷರಕ್ಕೆ ಹೊಳೆಯ ಓಟ ಇರಲಿಲ್ಲ. ಅರ್ಜಿ ಬರೆಯಲು ಅದು ಸಾಕು. ಮಂಡಕ್ಕಿ ಮಾರಲು ಸಾಲದು. ‘ನರ್ಗಿಸ್ ಮಂಡಕ್ಕಿ, ಮಿರ್ಚಿ’ ಎಂದು ಬಾಲೂ ತಮ್ಮದಲ್ಲಿ ಬರೆದ ಗಾಡಿಯೊಂದನ್ನು ಚನ್ನಗಿರಿಯಲ್ಲಿ ನೋಡಿದೆ. ಹಳದಿ ಹಿನ್ನೆಲೆ, ಕೆಂಪಕ್ಷರ. ಅಕ್ಷರಗಳೇ ಮಂಡಕ್ಕಿಯ ಹಾಗೆ ಹುರಿದು ಉಬ್ಬಿದ್ದವು, ‘ಮಿರ್ಚಿ’ಯ ಅರ್ಕಾವತ್ತು ಮಾತ್ರ ಮೆಣಸಿನಕಾಯಿ ತೊಟ್ಟಿನ ಹಾಗೆ ಬಾಗಿತ್ತು. ಓದುವ ಮೊದಲೇ ಬಾಯಲ್ಲಿ ನೀರು. ಎದುರಿನ ಎಲೆಕ್ಟ್ರಿಕಲ್ಸ್ ಅಂಗಡಿಯ ಮೇಲೂ ಅದೇ ಅಕ್ಷರ. ಅಲ್ಲಿ ‘ಕ್ಟ್ರಿ’ ಎಂಬ ಮೂರು ವ್ಯಂಜನದ ಗಂಟು ಒಂದರ ಮೇಲೊಂದು ಬಿದ್ದು ಕಪ್ಪು ಉಂಡೆಯಾಗಿತ್ತು, ಶಾರ್ಟ್ ಸರ್ಕಿಟ್ ಆದ ಹಾಗೆ. ಒಂದೇ ಬೀದಿ, ಒಂದೇ ಫಾಂಟು. ಅಚ್ಚಗನ್ನಡದ ಜೋಡಿ ಒತ್ತುಗಳನ್ನು ಅವನು ಹೇಗೋ ಹೊತ್ತುಕೊಳ್ಳುತ್ತಾನೆ. ಇಂಗ್ಲಿಷಿನಿಂದ ಬಂದ ಎಲೆಕ್ಟ್ರಿಕಲ್ಸ್, ಎಂಟರ್‌ಪ್ರೈಸಸ್, ಟ್ರೇಡರ್ಸ್‌ಗಳ ಎದುರು ಮಂಡಿ ಊರುತ್ತಾನೆ.

ಇನ್ನೊಂದು ಗುಣ ಹೇಳಲೇಬೇಕು. ಬಾಲೂ ತಮ್ಮದೊಳಗೇ ಇಂಗ್ಲಿಷ್ ಅಕ್ಷರಗಳೂ ಇವೆ, ಅದೇ ಮೈಕಟ್ಟಿನವು. ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು ಬೆಂಗಳೂರಿನಲ್ಲಿ ಗದ್ದಲವಾಗಿ, 2024ರಲ್ಲಿ ಕಾನೂನು ತಿದ್ದುಪಡಿಯೂ ಆಯಿತು. ನಮ್ಮ ನಾಲ್ಕು ಊರಿನ ಪೇಟೆಗಳಲ್ಲಿ ಕನ್ನಡದ ಪಾಲು ಮೊದಲಿನಿಂದಲೂ ದೊಡ್ಡದೇ, ಹಾಗಾಗಿ ಗದ್ದಲವೇನೂ ಆಗಲಿಲ್ಲ. ಆದರೆ ಎರಡೂ ಭಾಷೆ ಇರುವ ಬೋರ್ಡುಗಳಲ್ಲಿ ಇಂಗ್ಲಿಷ್ ಕೋಟು ಹಾಕಿಕೊಂಡು, ಕನ್ನಡ ಬನಿಯನ್ನಿನಲ್ಲಿ ನಿಂತಿರುವುದೇ ಹೆಚ್ಚು. ಬಾಲೂ ತಮ್ಮದಲ್ಲಿ ಇಬ್ಬರಿಗೂ ಒಂದೇ ದರ್ಜಿ. ಒಬ್ಬರ ದನಿ ಇನ್ನೊಬ್ಬರನ್ನು ಮುಚ್ಚುವುದಿಲ್ಲ. ಕನ್ನಡ ಅಕ್ಷರವನ್ನು ಆಮೇಲಿಂದ ಅಂಟಿಸಿದ್ದಲ್ಲ, ಒಟ್ಟಿಗೆ ಯೋಚಿಸಿ ಮಾಡಿದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅವನ ಓರಗೆಯವರನ್ನೂ ಒಮ್ಮೆ ನೋಡಿಬಿಡೋಣ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಮಾಡಿದ ಅಕಾಯ ಕನಡಕ ಬಾಲೂವಿಗಿಂತ ಧೈರ್ಯದ ಅಕ್ಷರ. ಅದರಲ್ಲಿ ತುಂಟತನ ಮುಖದಲ್ಲಿಲ್ಲ, ನಡಿಗೆಯಲ್ಲಿದೆ. ಆದರೆ ಅದನ್ನು ಹಿಡಿಯಲು ಬಳಸುವವನಿಗೂ ಕೊಂಚ ಕಣ್ಣು ಬೇಕು, ಫ್ಲೆಕ್ಸ್ ಅಂಗಡಿಗೆ ದುಬಾರಿ ದೋಸ್ತಿ. ಎರಿನ್ ಮೆಕ್‌ಲಾಫ್ಲಿನ್ ಮಾಡಿದ ಹುಬ್ಬಳ್ಳಿ ಎಂಬ ಫಾಂಟ್ ಒಂದೇ ದಪ್ಪದ ತೆಳು ಗೀಟಿನದು, ಮಾತು ಮೆತ್ತಗೆ, ಬೀದಿಯ ಗಲಾಟೆಯಲ್ಲಿ ಕೇಳಿಸುವುದಿಲ್ಲ. ಏಕ್ ಟೈಪ್‌ನದೇ ಅನೇಕ್ 2022ರಲ್ಲಿ ಬಂತು, ಅದರ ಕನ್ನಡವೂ ವೈಷ್ಣವಿ ಮೂರ್ತಿಯವರದು. ದಪ್ಪವನ್ನಷ್ಟೇ ಅಲ್ಲ ಅಗಲವನ್ನೂ ಹಿಗ್ಗಿಸಬಹುದು, ಕುಗ್ಗಿಸಬಹುದು. ‘ಶ್ರೀ ಗುರು ಕೊಟ್ಟೂರೇಶ್ವರ ಎಂಟರ್‌ಪ್ರೈಸಸ್’ ಎಂಬ ಹೆಸರನ್ನು ಎಂಟಡಿ ಬೋರ್ಡಿನಲ್ಲಿ ಕೂರಿಸಬೇಕಾದವನಿಗೆ ಅದು ದೇವರು ಕೊಟ್ಟ ವರ. ಇವರೆಲ್ಲರ ನಡುವೆ ನಗುವ ಕೆಲಸ ಬಾಲೂವಿನದೇ. ಅಮೆರಿಕದಲ್ಲಿ 1922ರ ಸುಮಾರಿಗೆ ಆಸ್ವಾಲ್ಡ್ ಕೂಪರ್ ಬರೆದ ಕೂಪರ್ ಬ್ಲ್ಯಾಕ್ ಎಂಬ ದಪ್ಪಗುಂಡನೆಯ ಅಕ್ಷರ ನೂರು ವರ್ಷದಿಂದ ಅಂಗಡಿ, ಹಾಡಿನ ತಟ್ಟೆ, ವಿಮಾನದ ಮೈ ಎಲ್ಲ ಕಡೆ ಓಡಾಡಿಕೊಂಡಿದೆ. ಅಂಥದ್ದೊಂದು ಸ್ಥಾನ ಕನ್ನಡದಲ್ಲಿ ಖಾಲಿಯಿತ್ತು.

ಸಲ್ಲದ ಜಾಗಕ್ಕೂ ಅವನನ್ನು ಕರೆದೊಯ್ಯುವುದು ಬಳಸುವವರ ತಪ್ಪು. ನಮ್ಮವರೊಬ್ಬರೇ ಹೀಗೆ ಎಂದೇನಿಲ್ಲ. 2012ರಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕ ಸುದ್ದಿಯನ್ನು ಜಿನೀವಾದಲ್ಲಿ ಲೋಕಕ್ಕೆ ಸಾರಿದ ವಿಜ್ಞಾನಿಗಳಲ್ಲೊಬ್ಬರು ತಮ್ಮ ಸ್ಲೈಡುಗಳನ್ನು ಕಾಮಿಕ್ ಸ್ಯಾನ್ಸ್ ಎಂಬ ಮಕ್ಕಳಾಟದ ಅಕ್ಷರದಲ್ಲಿ ಬರೆದು ನಗೆಗೀಡಾಗಿದ್ದರು. ಕಣಕ್ಕೇನೂ ನಷ್ಟವಾಗಲಿಲ್ಲ. ಹೊನ್ನಾಳಿಯ ಹಿರಿಯರಿಗೂ ಆಗಿರಲಿಕ್ಕಿಲ್ಲ. ಆದರೂ ‘ಶ್ರದ್ಧಾಂಜಲಿ’ ಎಂಬ ಪದದಲ್ಲಿ ‘ಶ್ರ’ ಇದೆ, ‘ದ್ಧಾ’ ಇದೆ. ಆ ಫ್ಲೆಕ್ಸಿನಲ್ಲಿ ಮಹಾಪ್ರಾಣದ ಒತ್ತು ಪೂರಾ ಮುಚ್ಚಿಹೋಗಿತ್ತು. ನಗು ಬಂದ ಜಾಗದಲ್ಲೇ ಅಕ್ಷರವೂ ತಪ್ಪಾಗಿ ಓದಿಸಿಕೊಳ್ಳುತ್ತಿತ್ತು. ಸಾಲು ಎರಡಿದ್ದರೆ ಇನ್ನೂ ಕಷ್ಟ. ಬಾಲೂ ತಮ್ಮ ಹುಟ್ಟಿನಿಂದಲೇ ಸಾಲು ಸಾಲಿನ ನಡುವೆ ಧಾರಾಳ ಜಾಗ ಇಟ್ಟುಕೊಂಡು ಬಂದವನು. ವಿನ್ಯಾಸಕರು ಒತ್ತಿಗೆ ಅಂತಲೇ ಬಿಟ್ಟದ್ದು ಅದು. ನಮ್ಮ ಹುಡುಗರು ಮೊದಲು ಮಾಡುವ ಕೆಲಸವೇ ಆ ಜಾಗ ಕತ್ತರಿಸಿ ಎರಡು ಸಾಲನ್ನು ಒಂದಕ್ಕೊಂದು ಒತ್ತಿಡುವುದು. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆ ಮೇಲೆ ಕಾಲಿಡುತ್ತದೆ.

ಮೊನ್ನೆ ನ್ಯಾಮತಿಯಲ್ಲಿ ನೆಂಟರ ಹುಡುಗನೊಬ್ಬ ಹೊಸ ಹೋಟೆಲಿಗೆ ಬೋರ್ಡು ಮಾಡಿಸುತ್ತಿದ್ದ. ‘ಬೆಣ್ಣೆ ದೋಸೆ’ ಮೇಲೆ, ‘ನ್ಯಾಮತಿ’ ಕೆಳಗೆ. ಬಾಲೂ ತಮ್ಮನೇ ಇರಲಿ ಎಂದು ನಾನೇ ಹೇಳಿದೆ, ದೋಸೆಗೆ ಅವನು ಸರಿ. ಅಂಗಡಿಯಲ್ಲಿ ಪಕ್ಕ ಕೂತು ಎಕ್ಸ್‌ಟ್ರಾ ಬೋಲ್ಡ್ ತೆಗೆಸಿ ಸೆಮಿಬೋಲ್ಡ್ ಹಾಕಿಸಿದೆ, ಎರಡು ಸಾಲಿನ ನಡುವೆ ‘ಣ್ಣೆ’ಯ ಒತ್ತು ಪೂರ್ತಿ ಇಳಿಯುವಷ್ಟು ಜಾಗ ಬಿಡಿಸಿದೆ. ‘ನ್ಯಾ’ದ ಬಾಲ ‘ಮ’ಕ್ಕೆ ತಾಗದೆ ನಿಂತಿತು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಒಂದು ನಿಮಿಷ ಸುಮ್ಮನೆ ನೋಡಿದ. ಆಮೇಲೆ ಮೌಸನ್ನು ಆ ಬಿಳಿ ಜಾಗದ ಮೇಲೆ ಗುಂಡಗೆ ಆಡಿಸುತ್ತ ಕೇಳಿದ:

‘ಚಲೋ ಐತೆ ಅಣ್ಣಾ. ಆದ್ರೆ ನಡುವೆ ಇಷ್ಟು ಖಾಲಿ ಯಾಕ್ ಬಿಡಾದು? ಇಲ್ಲೊಂದು ದೋಸೆ ಫೋಟೋ ಕೂರುಸ್ಲಾ?’